ಒಳಗಿನ ಜೋಲಿ

ಮೈಸೂರು ರೇಷ್ಮೆ ಸೀರೆ, ಕೊರಳಲ್ಲಿ ಎರಡೆಳೆ ಸರ, ಮುಡಿಯಲ್ಲಿ ಮಲ್ಲಿಗೆ, ಕಾಲಲ್ಲಿ ಕಿತ್ತಳೆ ಲೇಸಿನ ಸ್ಪೋರ್ಟ್ಸ್ ಶೂ. ಆಮೇಲೆ ನಾನು ಅಕ್ಕ ಎಂದೇ ಕರೆದವರನ್ನು ಬೇಲೂರಿನ ಕಲ್ಯಾಣ ಮಂಟಪದಲ್ಲಿ ಮೊದಲು ನೋಡಿದ್ದು ಹೀಗೆ. ಊಟದ ಸಾಲಿನಲ್ಲಿ ನನ್ನ ಎದುರಿಗೇ ಕೂತಿದ್ದರು. ಅಕ್ಕಪಕ್ಕದ ಹೆಂಗಸರು ಆ ಶೂ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅಕ್ಕನಿಗೆ ಅದರ ಪರಿವೆಯೇ ಇಲ್ಲ. ಹೋಳಿಗೆಯ ಮೇಲೆ ಇನ್ನೊಮ್ಮೆ ತುಪ್ಪ ಹಾಕಿಸಿಕೊಳ್ಳುತ್ತಾ ಬಡಿಸುವವನಿಗೆ ಹೇಳಿದರು, "ಸೀರೆ ನೋಡೋರಿಗೆ, ಶೂ ನನ್ನ ಮಂಡಿಗೆ. ನಾಚ್ಕೋಬೇಡ, ಇನ್ನೊಂಚೂರು ಹಾಕಪ್ಪ."

ಎಂಥ ಮಾತು! ನಗು ಉಕ್ಕಿ ಬಂತು. ತಕ್ಷಣ ಕಾಲಿನ ಮೇಲೆ ಕಾಲು ಹೆಣೆದು, ತುಟಿ ಕಚ್ಚಿ ತಡೆದುಕೊಂಡೆ. ಆಗ ನಾನು ನಗುವುದನ್ನೇ ಬಿಟ್ಟಿದ್ದೆ.

ನಾನು ಬಾಣಾವರದ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಸೀಟಿ ಊದಿದರೆ ರೈಲ್ವೆ ಸ್ಟೇಷನ್ನಿನವರೆಗೂ ಕೇಳಬೇಕು, ಅಂಥವಳು. ಮಗ ಹುಟ್ಟಿದ ಮೇಲೆ ಶುರುವಾಯಿತು ನೋಡಿ ಗ್ರಹಚಾರ. ಸೀನಿದರೆ ಒದ್ದೆ, ನಕ್ಕರೆ ಒದ್ದೆ, ನೆಗೆದರಂತೂ ಕೇಳಲೇಬೇಡಿ. ಹುಡುಗಿಯರಿಗೆ ಲಾಂಗ್ ಜಂಪ್ ತೋರಿಸಲು ಓಡಿ ನೆಗೆದವಳು ಮರಳಿನ ಗುಂಡಿಯಿಂದ ಏಳಲಾರದೆ ಹಾಗೇ ಕೂತುಬಿಟ್ಟಿದ್ದೆ. ಕಾಲು ಉಳುಕಿತು ಎಂದು ಸುಳ್ಳು ಹೇಳಿದೆ. ಆಮೇಲೆ ಶಾಲೆಗೆ ಕಪ್ಪು ಪ್ಯಾಂಟು ಬಿಟ್ಟು ಬೇರೆ ಹಾಕಲಿಲ್ಲ, ಹೊರಡುವ ಮುಂಚೆ ನೀರು ಕುಡಿಯಲಿಲ್ಲ. ಕೊನೆಗೆ ಹೆಡ್‌ಮಾಸ್ಟರ ಹತ್ತಿರ ಹೋಗಿ, ಮೈದಾನ ಬೇರೆ ಯಾರಿಗಾದರೂ ಕೊಡಿ, ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, "ಕ್ರೀಡಾಕೂಟ ಮುಗೀಲಿ, ಆಮೇಲೆ ನೋಡೋಣ ಮೇಡಂ" ಎಂದರು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಓಡುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

ಊಟ ಮುಗಿಸಿ ಕೈ ತೊಳೆಯುವಲ್ಲಿ ಆ ಶೂ ನನ್ನ ಪಕ್ಕ ಬಂದು ನಿಂತಿತು.

"ಮಗೂಗೆ ಎಷ್ಟು ತಿಂಗಳು?"

"ನಿಮಗೆ ಹೇಗೆ ಗೊತ್ತು?"

"ನಗು ಬಂದಾಗ ಕಾಲು ಹೆಣೆಯೋರನ್ನ ದಿನಾ ನೋಡ್ತೀನಿ ಕಣಮ್ಮ. ನಾನು ಫಿಸಿಯೋಥೆರಪಿಸ್ಟು. ಹೆಂಗಸರ ಈ ತೊಂದರೇನೇ ನನ್ನ ಕೆಲಸ. ಅರಸೀಕೆರೆಗೆ ಬಾ."

ಅರಸೀಕೆರೆ ಸ್ಟೇಷನ್ನಿಗೆ ಹತ್ತಿರ, ಮೆಡಿಕಲ್ ಸ್ಟೋರಿನ ಮೇಲಿನ ಒಂದು ಕೋಣೆ ಅವರ ಕ್ಲಿನಿಕ್. ಗೂಡ್ಸ್ ರೈಲು ಹೋದರೆ ಕಿಟಕಿ ಗಡಗಡ ಅನ್ನುತ್ತಿತ್ತು. ಒಳಗೆ ಹೋದವರಿಗೆ ಮೊದಲ ಪ್ರಶ್ನೆ ಒಂದೇ: "ನೀರು ಕುಡಿದ್ಯಾ?" ಇಲ್ಲ ಎಂದರೆ ಒಂದು ಲೋಟ ನೀರು ಕೈಗೆ ಕೊಟ್ಟು, ಅದು ಖಾಲಿಯಾಗುವವರೆಗೆ ಬೇರೆ ಮಾತಿಲ್ಲ. "ಸೋರುತ್ತೆ ಅಂತ ನೀರೇ ಕುಡಿಯದೆ ಇದ್ರೆ ಉರಿ ಮೂತ್ರ ಶುರುವಾಗುತ್ತೆ. ಒಂದು ಹೋಗಿ ಎರಡಾಗುತ್ತೆ" ಎನ್ನುತ್ತಿದ್ದರು.

ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ ಇತ್ತು. ಮಾದಿಹಳ್ಳಿ, ಹುಲಿಕೆರೆ ಕಡೆ ಹೆಂಗಸರಿಗೆ ತಿಳಿಹೇಳಲು ಹೋಗುವಾಗ ಅದನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಒಮ್ಮೆ ಕಂಡಕ್ಟರು ಚೀಲದೊಳಗೆ ಇಣುಕಿ ಹೌಹಾರಿ, "ಏನ್ ಮೇಡಂ ಇದು? ಯಾರ್ದು ಈ ಮೂಳೆ?" ಎಂದನಂತೆ. "ನಿಮ್ಹತ್ರಾನೂ ಒಂದೈತೆ ಕಣ್ರೀ. ಇಲ್ದಿದ್ರೆ ನಿಮ್ಮ ಪ್ಯಾಂಟು ನಿಲ್ತಿರಲಿಲ್ಲ" ಎಂದರಂತೆ ಅಕ್ಕ. ಬಸ್ಸಿಗೆ ಬಸ್ಸೇ ನಕ್ಕಿತಂತೆ.

ಆ ಮೂಳೆಯ ತಳಕ್ಕೆ ಅವರು ಒಂದು ಕರ್ಚೀಫು ಕಟ್ಟಿ ನನಗೆ ತೋರಿಸಿದರು. ಮುಂದಿನ ಮೂಳೆಯಿಂದ ಹಿಂದೆ ಬೆನ್ನಿನ ತುದಿಯವರೆಗೆ.

"ಮನೇಲಿ ಮಗು ಮಲಗಿಸೋಕೆ ಸೀರೆ ಜೋಲಿ ಕಟ್ತೀವಲ್ಲ, ಅಂಥದ್ದೇ ಒಂದು ನಮ್ಮೊಳಗೂ ಐತೆ. ಇದು ಸ್ನಾಯುಗಳ ಜೋಲಿ. ಒಂಬತ್ತು ತಿಂಗಳು ಭಾರ ಹೊತ್ತು, ಹೆರಿಗೇಲಿ ಹಿಗ್ಗಿ, ಪಾಪ, ಸುಸ್ತಾಗಿದೆ. ಸತ್ತೇನೂ ಹೋಗಿಲ್ಲ. ಎಬ್ಬಿಸೋಣ."

ನನಗೆ ಅಲ್ಲೇ ಅಳು ಬಂತು. 'ಕೆಳಗೆ', 'ಅಲ್ಲಿ' ಎಂದು ಪಿಸುಗುಟ್ಟುವುದನ್ನು ಬಿಟ್ಟರೆ ಅದಕ್ಕೊಂದು ಮಾತೇ ಇರಲಿಲ್ಲ ನನಗೆ. ಅಕ್ಕ ಒಂದು ಹೆಸರು ಕೊಟ್ಟರು. ಮುಟ್ಟಿ ಪರೀಕ್ಷೆ ಮಾಡುವ ಮುಂಚೆ ಪ್ರತಿ ಸಲವೂ ಕೇಳುತ್ತಿದ್ದರು, "ನೋಡ್ಲಾ? ಬೇಡ ಅಂದ್ರೆ ಬೇಡ." ಉಸಿರು ಬಿಡುತ್ತಾ ಜೋಲಿಯನ್ನು ಮೆಲ್ಲಗೆ ಮೇಲೆತ್ತುವುದು, ಉಸಿರು ಎಳೆದುಕೊಳ್ಳುತ್ತಾ ಪೂರ್ತಿ ಸಡಿಲ ಬಿಡುವುದು. ಇಷ್ಟೇ ಪಾಠ.

ಪಿ.ಟಿ. ಮೇಡಂ ಅಲ್ಲವೇ ನಾನು! ಇಷ್ಟು ಸಾಕಾಗುತ್ತದೆಯೇ? ಪ್ರೇಯರ್‌ನಲ್ಲಿ ನಿಂತಾಗ ಬಿಗಿಹಿಡಿದೆ, ಮುದ್ದೆ ತಿರುವುವಾಗ ಬಿಗಿಹಿಡಿದೆ, ಬಸ್ಸಿನಲ್ಲಿ ಬಾಣಾವರದಿಂದ ಅರಸೀಕೆರೆವರೆಗೂ ಬಿಗಿಹಿಡಿದೆ. ಸ್ವಲ್ಪ ದಿನಕ್ಕೆ ಕೂರಲೂ ಆಗದ ನೋವು. ಅಕ್ಕ ಕೆಂಡಾಮಂಡಲವಾದರು.

"ಮುಷ್ಟಿ ಕಟ್ಟಿದ ಕೈಲಿ ಅನ್ನ ಕಲಸೋಕಾಗುತ್ತೇನೇ? ಬಿಗಿಯೋದು ಅರ್ಧ ಪಾಠ. ಬಿಡೋದು ಇನ್ನರ್ಧ. ಇದೇನು ಪೆರೇಡಾ? ಸೀಟಿ ಮನೇಲಿಟ್ಟು ಬಾ!"

ಹಾಗೆ ಬೈಸಿಕೊಂಡು ಬೈಸಿಕೊಂಡೇ ನಾನು ಸುಧಾರಿಸಿದೆ. ಮೊದಲು ಬಿರುಸಿನ ನಡಿಗೆ, ಆಮೇಲೆ ಮೆಟ್ಟಿಲು, ಆಮೇಲೆ ನಿಂತಲ್ಲೇ ಸಣ್ಣ ನೆಗೆತ. ಓಟಕ್ಕೆ ಮಾತ್ರ ಅಪ್ಪಣೆ ಸಿಕ್ಕಿರಲಿಲ್ಲ.

ಇಲ್ಲಿ ನನ್ನ ಅತ್ತೆಯ ಪ್ರವೇಶ. ನನಗೆ ತಾಯಿಯಿಲ್ಲ. ಬಾಣಂತನ ಮಾಡಿದ್ದು ಅತ್ತೆಯೇ, ಅವರ ಊರು ಮಾದಿಹಳ್ಳಿಯಲ್ಲಿ; ಈಗ ಮಗು ನೋಡಿಕೊಳ್ಳಲು ನಮ್ಮ ಜೊತೆ ಬಾಣಾವರದಲ್ಲೇ ಇದ್ದರು. ಬಾಣಂತಿಯರಿಗೆ ಹಳೆ ಸೀರೆಯಿಂದ ಹೊಟ್ಟೆ ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ತಮ್ಮೂರಲ್ಲಿ ಯಾರು ಹೆತ್ತರೂ ಅವರಿಗೇ ಕರೆ. ಮಂಡಿ ಊರಿ ಜಗ್ಗಿ ಎಳೆದು ಗಂಟು ಹಾಕಿದರೆಂದರೆ ಉಸಿರು ಗಂಟಲಲ್ಲೇ ಉಳಿಯಬೇಕು. ಅಷ್ಟು ಬಿಗಿ ಒಳ್ಳೆಯದಲ್ಲ ಎಂದು ಅಕ್ಕ ಹೇಳಿದ್ದನ್ನು ನಾನು ಮನೆಯಲ್ಲಿ ಬಾಯಿಬಿಟ್ಟೆ. ಸರಿ, ಅತ್ತೆಗೆ ರೇಗಿತು. "ಯಾವಳವಳು ನನ್ನ ಕೈಗೆ ಹೆಸರಿಡೋಳು? ನೋಡೇಬಿಡ್ತೀನಿ!" ಎಂದು ಮಗನ ಬೈಕಿನ ಹಿಂದೆ ಕೂತು ಅರಸೀಕೆರೆಗೆ ಬಂದೇಬಿಟ್ಟರು. ಅವರು ಬಸ್ಸು ಹತ್ತುತ್ತಿರಲಿಲ್ಲ, ಅದರ ವಾಸನೆ ಅವರಿಗೆ ಆಗುವುದಿಲ್ಲವಂತೆ. ಬೇಲೂರಿನ ಆ ಮದುವೆ ಅವರ ಸ್ವಂತ ತಮ್ಮನ ಮಗಳದು. ಅದಕ್ಕೂ ಬಂದಿರಲಿಲ್ಲ.

ಅಕ್ಕ ವಾದಕ್ಕೇ ಇಳಿಯಲಿಲ್ಲ. "ಅಮ್ಮಾ, ನೀವು ಹೆಂಗೆ ಕಟ್ತೀರೋ ನಂಗೇ ಕಟ್ಟಿ ತೋರಿಸಿ" ಎಂದು ಮಲಗಿಬಿಟ್ಟರು. ಅತ್ತೆ ಸೆರಗು ಸಿಕ್ಕಿಸಿ, ಅಲ್ಲಿದ್ದ ದುಪ್ಪಟ್ಟ ಸುತ್ತಿ ಎಳೆದರು ನೋಡಿ, ಅಕ್ಕನ ಕಣ್ಣುಗುಡ್ಡೆ ಮೇಲಾಯಿತು.

"ಅಮ್ಮಾ," ಎಂದರು ಏದುಸಿರು ಬಿಡುತ್ತಾ, "ರಾಗಿ ಮೂಟೆ ನಡುವಿಗೆ ಹಗ್ಗ ಬಿಗಿದ್ರೆ ರಾಗಿ ಎಲ್ಲೋಗುತ್ತೆ?"

"ಅರ್ಧ ಮ್ಯಾಲಕ್ಕೆ, ಅರ್ಧ ಕೆಳಕ್ಕೆ."

"ತಳದ ಹೊಲಿಗೆ ಮೊದಲೇ ಸಡಿಲ ಇದ್ರೆ?"

ಅತ್ತೆ ತಾವು ಹಾಕಿದ ಗಂಟನ್ನೇ ನೋಡುತ್ತಾ, "ಸುರಿದೋಯ್ತದೆ ಕಣವ್ವ" ಎಂದರು.

"ಕಟ್ಟೋದು ಬೇಡ ಅಂತಿಲ್ಲಮ್ಮ. ಬೆನ್ನಿಗೆ ಹಿತ ಆಗೋ ಹಾಗೆ ಕಟ್ಟಿ. ಅವಳು ಹೊಟ್ಟೆ ತುಂಬ ಉಸಿರಾಡೋ ಹಾಗಿರ್ಲಿ." ಹೀಗೆ ಹೇಳುತ್ತಾ ಎದ್ದು ಗಂಟು ಬಿಚ್ಚಲು ಹೋದರೆ ಬಿಚ್ಚಬೇಕಲ್ಲ! ಅತ್ತೆಯ ಗಂಟು ಅದು. ಪಕ್ಕೆಯ ಗಂಟಿಗೆ ಕೈ ಚಾಚುತ್ತಾ ಅಕ್ಕ ಬುಗುರಿಯ ಹಾಗೆ ಸುತ್ತಿ ಸುತ್ತಿ ಕುರ್ಚಿಯ ಮೇಲೆ ಬಿದ್ದರು. ನಾನು ಗೊಳ್ಳೆಂದು ನಕ್ಕೆ. ಅತ್ತೆಯೂ ನಕ್ಕರು, ಆದರೆ ನಡುವೆಯೇ ಗಕ್ಕನೆ ನಿಲ್ಲಿಸಿ ಮಂಚದ ಅಂಚಿಗೆ ಕೂತು ತೊಡೆ ಅವುಚಿಕೊಂಡರು. ಮುಖ ಬಿಳಿಚಿಹೋಯಿತು. ಆ ಭಂಗಿ ನನಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ನಗು ನಿಲ್ಲಿಸಿ ಅವರ ಪಕ್ಕ ಕೂತರು. "ಯಾವಾಗಿಂದಮ್ಮ?"

"ಇವಳ ಗಂಡ ಹುಟ್ಟಿದಾಗಿಂದ. ಹೆಂಗಸಾಗಿ ಹುಟ್ಟಿದ್ಮೇಲೆ ಇದೆಲ್ಲ ಇದ್ದಿದ್ದೇ ಅಂದ್ಕಂಡು ಸುಮ್ಕಿದ್ದೆ. ಬಸ್ಸು ಬೇಕಾದ ಕಡೆ ನಿಲ್ಸಲ್ವಲ್ಲವ್ವ, ಅದುಕ್ಕೇ ಹತ್ತಾಕಿಲ್ಲ."

ವಾಸನೆಯಲ್ಲ! ನನ್ನ ಗಂಡನ ವಯಸ್ಸಿನಷ್ಟು ವರ್ಷ ಈ ಹೆಂಗಸು ಮದುವೆ, ತವರು, ನಗು ಎಲ್ಲ ಬಿಟ್ಟು ಕೂತಿದ್ದರು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬಟ್ಟೆ ಒಣಹಾಕಿದ್ದೆವು. ಅಕ್ಕ ಅವರನ್ನು ಮೊದಲು ಲೇಡಿ ಡಾಕ್ಟರಿಗೆ ತೋರಿಸಿ, ಆಮೇಲೆ ನನ್ನ ಜೊತೆಗೇ ಪಾಠಕ್ಕೆ ಕೂರಿಸಿಕೊಂಡರು. "ಅತ್ತೆ ಸೊಸೆ ಇಬ್ರೂ ಒಟ್ಟಿಗೆ ಉಸಿರು ಬಿಡಿ. ಮನೇಲಿ ಜಗಳಾನೂ ಕಮ್ಮಿ ಆಗುತ್ತೆ." ಕಮ್ಮಿಯಾಗಲಿಲ್ಲ, ಅದು ಬೇರೆ ಮಾತು.

ಓಟಕ್ಕೆ ಅಪ್ಪಣೆ ಸಿಗುವ ಮುಂಚೆಯೇ ಕ್ರೀಡಾಕೂಟ ಬಂತು. ಸೀಟಿ ಊದುತ್ತಾ ಗೆರೆಯ ಪಕ್ಕ ನಿಂತೇ ಮುಗಿಸಿದೆ. ಹೆಡ್‌ಮಾಸ್ಟರು ಲೈಬ್ರರಿ ಬೀಗದ ಕೈ ಮೇಜಿನ ಮೇಲಿಟ್ಟು, "ಬೇಕಾ ಮೇಡಂ?" ಎಂದರು. ಸೋಮವಾರ ಹೇಳುತ್ತೇನೆ ಎಂದೆ.

ಆ ಭಾನುವಾರವೇ ಅಕ್ಕ ಊರು ಬಿಡುವವರಿದ್ದರು. ಅವರ ಯಜಮಾನರು ರೈಲ್ವೆಯಲ್ಲಿದ್ದರು, ಹುಬ್ಬಳ್ಳಿಗೆ ವರ್ಗವಾಗಿತ್ತು. ಬೀಳ್ಕೊಡಲು ಮಗುವನ್ನೆತ್ತಿಕೊಂಡು ಅತ್ತೆಯ ಜೊತೆ ಹೋದೆ, ಬಸ್ಸಿನಲ್ಲಿ! ಅತ್ತೆ ಕಿಟಕಿ ಪಕ್ಕದ ಸೀಟು ಹಿಡಿದು ರಾಣಿಯ ಹಾಗೆ ಬಂದರು. ಪ್ಲಾಟ್‌ಫಾರ್ಮಿನಲ್ಲಿ ಅಕ್ಕ ಅದೇ ರೇಷ್ಮೆ ಸೀರೆ, ಅದೇ ಶೂ. ಒಬ್ಬರನ್ನೊಬ್ಬರು ತಬ್ಬಿ, ಅತ್ತು, ರೈಲು ಹತ್ತಿಸಿದ್ದಾಯಿತು. ರೈಲು ಜರುಗಿತು. ತಿರುಗಿ ನೋಡಿದರೆ ಬೆಂಚಿನ ಮೇಲೆ ತರಕಾರಿ ಚೀಲ.

"ಅಯ್ಯೋ, ಮೂಳೆ!" ಎಂದು ಅತ್ತೆ ಚೀರಿದರು.

ಮಗುವನ್ನು ಅವರ ಕೈಗೆ ಹಾಕಿ, ಚೀಲ ಕಸಿದುಕೊಂಡು ಓಡಿದೆ. ಅಪ್ಪಣೆ ಗಿಪ್ಪಣೆ ಯಾವುದೂ ನೆನಪಿಲ್ಲ. ಜನ, ಟ್ರಂಕು, ಕಡಲೆಕಾಯಿ ಬುಟ್ಟಿ ಎಲ್ಲ ದಾಟಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಬಾಗಿಲಲ್ಲಿ ನಿಂತಿದ್ದ ಅಕ್ಕನ ಕೈಗೆ ಚೀಲ ತಲುಪಿಸಿದೆ. ಅವರು ಚೀಲದ ಕಡೆ ನೋಡಲೇ ಇಲ್ಲ. ನನ್ನ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಇಡೀ ಅರಸೀಕೆರೆ ಸ್ಟೇಷನ್ನಿಗೆ ಕೇಳುವ ಹಾಗೆ ಕೂಗಿದರು, "ಒದ್ದೆ ಆಯ್ತೇನೇ?"

ಆಗಲೇ ನನಗೂ ಗೊತ್ತಾಗಿದ್ದು.

"ಇಲ್ಲ ಅಕ್ಕಾ!" ನಾನೂ ಅಷ್ಟೇ ಗಟ್ಟಿಯಾಗಿ ಕೂಗಿದೆ. "ಒಂದು ಹನೀನೂ ಇಲ್ಲ!"

ಅವರ ನಗು ರೈಲಿನ ಜೊತೆ ಹೋಯಿತು. ಹಿಂದೆ ತಿರುಗಿದರೆ ಅತ್ತೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಕಾಲು ಅಗಲಿಸಿ ನಿಂತು, ಬಾಯಿ ತುಂಬ ನಗುತ್ತಿದ್ದರು. ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರಿಗೆ ಬೇಡ ಎಂದು ಹೇಳಿ ನಾನು ಮೈದಾನಕ್ಕೆ ಹೋದೆ.