ರುಚಿ ನೋಡದ ಸಾರು

ಅಡುಗೆ ಮಾಡುವಾಗ ನಾನು ರುಚಿ ನೋಡುತ್ತಿರಲಿಲ್ಲ. ನಮ್ಮ ಉಡುಪಿ ಕಡೆ ನೈವೇದ್ಯಕ್ಕೆ ಮೊದಲು ಅಡುಗೆಯವನು ಯಾವುದನ್ನೂ ನಾಲಿಗೆಗೆ ತಾಗಿಸಬಾರದು. ಕುದಿಯುವ ಪರಿಮಳದಲ್ಲೇ ಉಪ್ಪು, ಹುಳಿ ತಿಳಿಯಬೇಕು. ನಾನು ಅಡುಗೆಗಿದ್ದ ಬೈಕುಲ್ಲಾದ ಹೋಟೆಲಿನಲ್ಲೂ ಬೆಳಗಿನ ಮೊದಲ ಸೌಟು ಗಲ್ಲಾದ ಮೇಲಿನ ದೇವರ ಪಟಕ್ಕೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಹೆಮ್ಮೆಪಡಲು ಇದ್ದದ್ದು ಅದೊಂದೇ: ಮೂಗಿನಲ್ಲೇ ಸಾರಿನ ಹದ ಹಿಡಿಯುತ್ತೇನೆ ಎನ್ನುವುದು.

ತಮ್ಮ ಅದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಅವನ ಕುತ್ತಿಗೆಯಲ್ಲಿ ಗಂಟು ಎದ್ದಿತು. ಪರೇಲಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಗಂಟು ಕರಗಿಸುವ ಹೊಸ ಔಷಧ ಬಂದಿದೆ, ನರಕ್ಕೆ ಇಂಜೆಕ್ಷನ್ ಕೊಡುತ್ತೇವೆ, ಆದರೆ ಮೈ ಸೊರಗಿದರೆ ನಿಲ್ಲಿಸಬೇಕಾಗುತ್ತದೆ, ಹೇಗಾದರೂ ತಿನ್ನಿಸಿ ಎಂದರು. ತಿನ್ನಿಸುವುದು ನನ್ನ ಕೆಲಸವಲ್ಲವೇ ಎಂದುಕೊಂಡೆ.

ಮೊದಲ ಇಂಜೆಕ್ಷನ್ ಆದ ದಿನ ತಮ್ಮ ದಾರಿಯಲ್ಲೇ ಟ್ರಾಮ್ ಇಳಿದು ಫುಟ್‌ಪಾತಿನ ಅಂಚಿನಲ್ಲಿ ವಾಂತಿ ಮಾಡಿದ. ಸರಕಾರ ಮದ್ಯ ನಿಷೇಧಿಸಿದ್ದ ಕಾಲ ಅದು. "ಕಹಾಂ ಸೆ ಪೀಕೆ ಆಯಾ ರೇ?" ಎಲ್ಲಿ ಕುಡಿದು ಬಂದೆಯೋ ಎಂದು ಯಾರೋ ನಕ್ಕರು. ನಾನು ಪಕ್ಕದ ಅಂಗಡಿಯ ಕಡೆ ಸರಿದು, ಅವನು ಯಾರೋ ನಾನು ಯಾರೋ ಎಂಬಂತೆ ನಿಂತೆ.

ಆಮೇಲೆ ಅವನಿಗೆ ಊಟವೇ ಬೇಡವಾಯಿತು. ಬಾಯಿರುಚಿ ಕೆಟ್ಟವರಿಗೆ ನಮ್ಮಲ್ಲಿ ಕೊಡುವುದು ಕಾಳುಮೆಣಸಿನ ಸಾರು. ಪುನರ್ಪುಳಿಯ ಹುಳಿ ಬಿಟ್ಟು ಕುದಿಸಿದೆ. ಗಿರಾಕಿಗಳ ಗಲಾಟೆ ಮುಗಿದು ಕೆಲಸದವರೆಲ್ಲ ಹಿಂದುಗಡೆ ಊಟಕ್ಕೆ ಕೂತಾಗ ಅವನ ಮುಂದೆ ಲೋಟ ಇಟ್ಟೆ.

"ಇವತ್ತು ಬೇಡ ಅಣ್ಣಯ್ಯ. ಎಂತ ಬಾಯಿಗಿಟ್ಟರೂ ಕಬ್ಬಿಣ ನೆಕ್ಕಿದ ಹಾಗೆ ಉಂಟು."

"ಕೇಳಿದ್ರಾ ಮಾರಾಯ್ರೆ!" ಎಂದೆ, ಎಲ್ಲರಿಗೂ ಕೇಳುವಂತೆ. "ನನ್ನ ಸಾರು ಕಬ್ಬಿಣವಂತೆ. ನಾಳೆಯಿಂದ ಬೇಳೆ ಬೇಡ, ಮೊಳೆಯನ್ನೇ ಬೇಯಿಸ್ತೇನೆ."

"ದೊರೆಗಳಿಗೆ ಆಸ್ಪತ್ರೆಯ ಬ್ರೆಡ್ಡೇ ರುಚಿ ಹತ್ತಿರಬೇಕು," ಎಂದ ದೋಸೆ ಹಾಕುವವನು.

ಎಲ್ಲರೂ ನಕ್ಕರು. ತಮ್ಮನೂ ನಕ್ಕ, ತುಟಿ ಪೂರ್ತಿ ತೆರೆಯದೆ. ಅದು ನನ್ನ ಕಣ್ಣಿಗೆ ಬಿತ್ತು, ಆದರೂ ಏನೆಂದು ಕೇಳಲಿಲ್ಲ. ಅವನು ಲೋಟ ಎತ್ತಿ ಕುಡಿದ. ಕಣ್ಣಲ್ಲಿ ನೀರು ಬಂತು. ಮೆಣಸು ಕೆಲಸ ಮಾಡುತ್ತಿದೆ ಎಂದು ಇನ್ನಷ್ಟು ಸುರಿದೆ. ಮಾರನೆಯ ದಿನ ಮೆಣಸು ಹೆಚ್ಚಿಸಿದೆ. ಭೇದಿ ಶುರುವಾದಾಗ, ಹೊಟ್ಟೆಯೊಳಗಿನ ಕೆಟ್ಟದ್ದೆಲ್ಲ ಹೋಗಲಿ ಬಿಡು ಎಂದೆ.

ಮುಂದಿನ ಇಂಜೆಕ್ಷನ್ನಿಗೆ ಹೋದಾಗ ಡಾಕ್ಟರು ಅವನ ಬಾಯಿಗೆ ಟಾರ್ಚು ಹಿಡಿದರು. ನಾನೂ ಬಗ್ಗಿ ನೋಡಿದೆ. ಒಳಗೆಲ್ಲ ಚರ್ಮ ಸುಲಿದು, ಕೆಂಪಗೆ ಹಸಿಯಾಗಿತ್ತು. ಇವತ್ತು ಇಂಜೆಕ್ಷನ್ ಇಲ್ಲ ಎಂದುಬಿಟ್ಟರು. ಅವರ ಇಂಗ್ಲಿಷು ನನಗೆ ತಿಳಿಯದು. ಧಾರವಾಡ ಕಡೆಯ ಒಬ್ಬ ನರ್ಸಮ್ಮ ಬಿಡಿಸಿ ಹೇಳಿದರು.

"ಏನ್ ಕುಡಿಸೀರಿ ಇವರಿಗೆ?"

"ಮೆಣಸಿನ ಸಾರು."

"ನೀವು ಬಾಯಾಗ ಹಾಕ್ಕೊಂಡು ನೋಡೀರೇನು?"

"ಇಲ್ಲ. ಪರಿಮಳದಲ್ಲೇ ಹದ ನೋಡುವುದು."

"ಈ ಔಷಧಕ್ಕ ಗಂಟು ಯಾವುದು, ಮೈ ಯಾವುದು ಗೊತ್ತಾಗಂಗಿಲ್ರೀ. ಲಗೂನ, ಜಲ್ದಿ ಜಲ್ದಿ ಬೆಳಿಯೋದನ್ನೆಲ್ಲ ಕೊಲ್ತದ. ಗಂಟು ಲಗೂನ ಬೆಳಿತದ. ಬಾಯಿ, ಕರುಳು, ಇವುಗಳ ಒಳಗಿನ ತೆಳು ಚರ್ಮಾನೂ ಹಂಗ. ಹಳೇದು ಸವದು ಹೋಗ್ತದ, ಹೊಸಾದು ಹುಟ್ಟಂಗಿಲ್ಲ. ಅದಕ್ಕ ಹುಣ್ಣು, ಅದಕ್ಕ ಭೇದಿ. ಅಂಥಾ ಹಸೀ ಗಾಯದ ಮ್ಯಾಲ ನೀವು ಮೆಣಸು ಸುರುವೀರಿ."

"ಹಾಗಾದ್ರೆ ವಾಂತಿ?"

"ಅದು ಹೊಟ್ಟಿ ಕೆಟ್ಟು ಬಂದದ್ದಲ್ಲ. ರಕ್ತದಾಗ ವಿಷ ಸೇರೇದ ಅಂತ ಮಿದುಳು ತಿಳಕೊಂಡು, ಹೊರಗ ಹಾಕು ಅಂತ ಹೊಟ್ಟಿಗೆ ಹೇಳ್ತದ. ಬಾಯಿರುಚೀನೂ ಔಷಧಾನ ಕೆಡಸ್ತದ. ಇವರೇನು ನಾಟಕ ಮಾಡಿಲ್ರೀ."

ವಾಪಸು ಟ್ರಾಮಿನಲ್ಲಿ, ಬಾಯಿ ಉರಿಯುತ್ತದೆ ಎಂದು ಯಾಕೆ ಹೇಳಲಿಲ್ಲ ಎಂದು ಅವನನ್ನೇ ಕೇಳಿದೆ.

"ಕಬ್ಬಿಣದ ಹಾಗೆ ಅಂತ ಹೇಳಿದ್ದೆ ಅಲ್ವಾ," ಎಂದ. "ಅದಕ್ಕೇ ಎಲ್ಲರೂ ಅಷ್ಟು ನಗಾಡಿದ್ರು. ಇನ್ನು ಉರಿ ಅಂತ ಬೇರೆ ಹೇಳಬೇಕಿತ್ತಾ?"

ಅಂದು ಮೆತ್ತಗೆ ಗಂಜಿ ಬೇಯಿಸಿದೆ. ಅಂಗೈಗೆ ಒಂದಿಷ್ಟು ಹಾಕಿಕೊಂಡು, ಒಲೆಯ ಮುಂದೆಯೇ ನೆಕ್ಕಿ ನೋಡಿದೆ. ನನ್ನ ನಾಲಿಗೆಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ನನ್ನ ಬಾಯಲ್ಲಿ ಹುಣ್ಣಿರಲಿಲ್ಲವಲ್ಲ. ಆರಿಸಿ ತಂದು ಕೊಟ್ಟು, "ಉಪ್ಪು ಉರೀತದಾ?" ಎಂದೆ.

"ಇಲ್ಲ. ಲಾಯ್ಕುಂಟು."

ಬಾಯಿಯ ಹುಣ್ಣು ಮಾಗಿದ ಮೇಲೆ ಇಂಜೆಕ್ಷನ್ ಮತ್ತೆ ಶುರುವಾಯಿತು. ಗಂಟು ಕರಗಿತು, ಮತ್ತೆ ಬಂತು, ಅವನನ್ನು ಉಳಿಸಿಕೊಳ್ಳಲಾಗಲಿಲ್ಲ. ಅದಕ್ಕೆ ನನ್ನ ಸಾರು ಕಾರಣವಲ್ಲ ಎಂದು ಡಾಕ್ಟರು ಹೇಳಿದರು. ಅವರ ಮಾತನ್ನು ನಂಬುತ್ತೇನೆ. ನಂಬಲಾಗದ್ದು ತಮ್ಮನ ಮಾತು. ಎಲ್ಲರೂ ನಕ್ಕ ಆ ದಿನದ ಮೇಲೆ, ಕೊನೆಯವರೆಗೂ, ನಾನು ಏನು ಕೊಟ್ಟರೂ ಅವನು ಒಂದು ಸಲವೂ ಬೇಡ ಎನ್ನಲಿಲ್ಲ. ಕುಡಿದು, ನನ್ನ ಮುಖ ನೋಡಿ, "ಲಾಯ್ಕುಂಟು ಅಣ್ಣಯ್ಯ" ಎನ್ನುತ್ತಿದ್ದ. ನಾನು ಲೋಟ ತೊಳೆಯಲು ಹೋದ ಮೇಲೆಯೇ ಅವನು ಬಾಯಿಗೆ ಟವೆಲು ಒತ್ತಿಕೊಳ್ಳುವುದು ನಲ್ಲಿಯ ಹತ್ತಿರದಿಂದ ಕಾಣುತ್ತಿತ್ತು.