ಜನರಲ್ ಮಲಗಿದ ಮಂಚ

ನಮ್ಮ ಕಡೆ ಜನರಲ್ ಗರಿಬಾಲ್ಡಿ ಹೆಸರಿನ ಬೀದಿ ಇಲ್ಲದ ಊರಿಲ್ಲ, ಅವರು ಒಂದು ರಾತ್ರಿ ಮಲಗಿದ್ದ ಮನೆ ಇಲ್ಲದ ಊರೂ ಇಲ್ಲ. ಇಷ್ಟು ಕಡೆ ಮಲಗಿದ ಜನರಲ್ ಎದ್ದು ಇಟಲಿಯನ್ನು ಒಂದು ಮಾಡಿದ್ದು ಯಾವಾಗ ಎಂದು ನಾವೇ ನಗುತ್ತೇವೆ. ಆದರೆ ಎರ್ಸೀಲಿಯಾಳ ಮುಂದೆ ಹಾಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಎರ್ಸೀಲಿಯಾ ನನ್ನ ಕ್ಷೌರದಂಗಡಿಯ ಎದುರುಮನೆಯವಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ದುಯೀಲಿಯೊನನ್ನು ಮದುವೆಯಾಗಿ ಬಂದಾಗಲೇ ಆ ಮನೆಯ ಗೋಡೆಯಲ್ಲಿ ಅಮೃತಶಿಲೆಯ ಫಲಕವಿತ್ತು: ೧೮೪೯ರ ಜುಲೈನಲ್ಲಿ ಜನರಲ್ ಇಲ್ಲಿ ತಂಗಿದ್ದರು. ಕೆಳಗಿನ ಕೋಣೆಯಲ್ಲಿ ಅವರ ಮಂಚ. ಮನೆಯವರು ಯಾರೂ ಅದರ ಮೇಲೆ ಕೂರುವಂತಿಲ್ಲ. ಹೆರಿಗೆ ನೋವು ಬಂದಾಗಲೂ ಅವಳು ಮಹಡಿ ಹತ್ತಿಯೇ ಹೆತ್ತಳು. ನಲವತ್ತಾರು ವರ್ಷ ಪ್ರತಿ ಭಾನುವಾರ ಬಾಗಿಲು ತೆರೆದು ಬಂದವರಿಗೆಲ್ಲ ಮಂಚ ತೋರಿಸಿದಳು. ಅದರಲ್ಲಿ ಅವಳಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಈ ವರ್ಷ ದುಯೀಲಿಯೊ ಆಲಿವ್ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಮಹಡಿ ಹತ್ತಲೇಬಾರದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಅಡುಗೆಮನೆಯಲ್ಲಿ ಕುರ್ಚಿ ಹಾಕುವಷ್ಟೇ ಜಾಗ. ಮೂರು ದಿನ ಅದರಲ್ಲೇ ನರಳುತ್ತ ಕೂತಿದ್ದ.

"ಕೆಳಗಿನ ಕೋಣೇಲಿ ಮಲಕ್ಕೋ," ಎಂದಳು.

"ಆ ಮಂಚದ ಮೇಲಾ? ಸತ್ರೂ ಇಲ್ಲ."

"ಕುರ್ಚೀಲಿ ಕೂತು ಸತ್ರೆ ನಿನ್ನ ನೆಟ್ಟಗೆ ಮಾಡಿ ಪೆಟ್ಟಿಗೇಲಿ ಇಡೋರ್ಯಾರು, ಮಾರಾಯ?"

ಅವನು ಜಗ್ಗಲಿಲ್ಲ. ಅವಳಿಗೂ ಒಳಗೊಳಗೆ ಅಳುಕು. ಆದರೂ ಹಾಸಿಗೆ ಬಿಸಿಲಿಗೆ ಹಾಕೋಣ ಎಂದು ನನ್ನನ್ನು ಕರೆದಳು. ಇಷ್ಟು ವರ್ಷ ಯಾರೂ ಎತ್ತದಿದ್ದ ಹಾಸಿಗೆಯನ್ನು ಇಬ್ಬರೂ ಎತ್ತಿದೆವು. ಅಡಿಯ ಹಲಗೆಯಲ್ಲಿ ಸುಟ್ಟು ಒತ್ತಿದ ಗುರುತು, ಪಕ್ಕದಲ್ಲಿ ೧೯೪೬. ಬಡಗಿಯಾಗಿದ್ದ ನನ್ನ ಅಪ್ಪನ ಗುರುತು ಅದು. ಅಪ್ಪ ಈ ವಿಷಯದಲ್ಲಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

"ಇದು ನಿಮ್ಮಪ್ಪಂದಲ್ವಾ?"

"ಹೌದಕ್ಕ."

ಅವಳು ಮಂಚದ ಅಂಚಿನಲ್ಲಿ ಕೂತಳು. ತಟ್ಟನೆ ಎದ್ದಳು. ಮತ್ತೆ ಕೂತಳು. "ಈಗ ಇದರ ಮೇಲೆ ಕೂರಬಹುದಾ, ಕೂರಬಾರದಾ? ನೀನೇ ಹೇಳು."

ನನಗೆ ಏನು ಗೊತ್ತು? ಗಂಡನಿಗೆ ಹೇಳಿದರೆ ಅವನ ಎದೆ ಒಡೆಯುತ್ತದೆ, ಹೇಳದಿದ್ದರೆ ಸೊಂಟ ಕೂಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅರ್ಧ ಗಂಟೆ ಕೋಣೆಗೂ ಅಡುಗೆಮನೆಗೂ ಸುಮ್ಮನೆ ಓಡಾಡಿದಳು. ಕೊನೆಗೆ ನನ್ನ ಎದುರೇ ಅವನ ಮುಂದೆ ಕಾಫಿ ಇಟ್ಟು ಹೇಳಿಯೇಬಿಟ್ಟಳು.

ದುಯೀಲಿಯೊ ಚಮಚ ತಿರುಗಿಸುತ್ತ, "ಗೊತ್ತು," ಎಂದ.

"ಗೊತ್ತಾ? ಯಾವಾಗಿಂದ?"

"ಆರು ವರ್ಷದವನಿದ್ದಾಗಿಂದ. ಯುದ್ಧದ ಚಳಿಗಾಲ. ತಂಗಿಗೆ ಜ್ವರ, ಒಲೆಗೆ ಸೌದೆ ಇಲ್ಲ. ಅಮ್ಮನೇ ಕೊಡಲಿ ತಗೊಂಡು ಮಂಚ ಸೀಳಿದ್ಲು. ಆಮೇಲೆ ಇವನಪ್ಪ ಅದೇ ತರದ್ದು ಮಾಡ್ಕೊಟ್ಟ."

"ನಾನು ಮಹಡಿ ಹತ್ತಿ ಹೆತ್ತೆನಲ್ಲೋ, ಪಾಪಿ. ಆಗ್ಲೂ ಬಾಯಿ ಬರಲಿಲ್ವಾ ನಿಂಗೆ?"

"ಮದುವೆಯಾಗಿ ಬಂದ ವಾರವೇ ನೀನು ಮಂಚಾನ ಅಷ್ಟು ಪ್ರೀತಿಯಿಂದ ಒರೆಸ್ತಿದ್ದೆ. ಹೇಗೆ ಹೇಳಲಿ?"

"ಬೇರೆ ಮಂಚ ಅಂತ ಗೊತ್ತಿದ್ದ ಮೇಲೆ ಮಲಗೋಕೇನು ಧಾಡಿ?"

"ನೀನು ನಂಬಿದ್ದೆಯಲ್ಲ. ನಿನ್ನ ಕಣ್ಣೆದುರೇ ಅದರ ಮೇಲೆ ಹೇಗೆ ಮಲಗಲಿ?"

ಎರ್ಸೀಲಿಯಾ ಬೈಯಲು ಬಾಯಿ ತೆರೆದಳು, ಅಳು ಬಂತು, ನಡುವೆ ಅದೇಕೋ ನಗುವೂ ಬಂತು. ಯಾವುದಕ್ಕೆ ಯಾವುದು ಎಂದು ಅವಳಿಗೇ ತಿಳಿಯಲಿಲ್ಲ. ಅಂದು ನಾವಿಬ್ಬರೂ ಅವನನ್ನು ಹಿಡಿದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದೆವು. ಮರುಕ್ಷಣವೇ ಗೊರಕೆ ಹೊಡೆದ.

ಭಾನುವಾರ ಬಂತು, ಬಾಗಿಲ ಗಂಟೆ ಬಾರಿಸಿತು. ದೂರದೂರಿನ ಒಬ್ಬ ಮೇಷ್ಟ್ರು, ಹೆಂಡತಿ ಮಕ್ಕಳ ಜೊತೆ. "ಜನರಲ್ ಮಲಗಿದ್ದ ಮಂಚ ಇಲ್ಲೇ ಅಲ್ವೇನಮ್ಮಾ ಇರೋದು?"

ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳ ಕೈ ಬಾಗಿಲ ಮೇಲೇ ಇತ್ತು, ಪೂರ್ತಿ ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ.

"ನಂಗೊತ್ತಿಲ್ಲ ಸ್ವಾಮಿ," ಎಂದಳು. "ಈಗ ನನ್ನ ಗಂಡ ಮಲಗಿದ್ದಾನೆ. ಸ್ವಲ್ಪ ಮೆಲ್ಲಗೆ ಮಾತಾಡಿ."