ಖಾಲಿ ಹಾಳೆಯ ಕೆಳಗಿನ ಸಹಿ

ನಮ್ಮಕ್ಕನಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಕೆಂಪು ಶಾಯಿ ಟೀಚರ್. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ಓರಗಿತ್ತಿ. ನಲವತ್ತೊಂದು ವರ್ಷ ಒಂದೇ ಬಾಗಿಲಿನಿಂದ ಒಳಗೆ ಹೊರಗೆ ಓಡಾಡಿದವರು ನಾವು. ಅವಳು ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು, ನಾನು ಮೂರನೇ ಕ್ಲಾಸು ಮುಗಿಸದೆ ಶಾಲೆ ಬಿಟ್ಟವಳು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬರೆದ ಅಂಗಡಿ ಸಾಮಾನಿನ ಚೀಟಿಯನ್ನೂ ಅವಳು ಕೆಂಪು ಪೆನ್ನಿನಲ್ಲಿ ತಿದ್ದಿಬಿಟ್ಟಳು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅವಳೇ ಬಂದು, "ನಿನ್ನ ಅಕ್ಷರ ದುಂಡಗಿದೆ ಕಣೇ, ಅದಕ್ಕೇ ತಪ್ಪು ಎದ್ದು ಕಾಣುತ್ತೆ" ಅಂದಳು. ಅದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ನನಗೆ ತಿಳಿದಿಲ್ಲ. ಈಗ ಬರೆಯುತ್ತಿರುವುದನ್ನು ತಿದ್ದಲು ಅವಳಿಲ್ಲ. ತಪ್ಪಿದ್ದರೆ ಇರಲಿ.

ಏನನ್ನೇ ಆಗಲಿ ಎರಡು ಸಲ ಓದುವುದು ಅವಳ ಅಭ್ಯಾಸ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನೂ ಓದುವಳು. ಅಂಥವಳು ಒಂದು ಹಾಳೆಯನ್ನು ಓದದೆ ಸಹಿ ಹಾಕಿದಳು. ಓದುವುದಕ್ಕೆ ಆ ಹಾಳೆಯ ಮೇಲೆ ಏನೂ ಇರಲಿಲ್ಲ, ಅದೇ ತೊಂದರೆ.

ನಿವೃತ್ತಿಯಾದ ಎರಡೇ ತಿಂಗಳಿಗೆ ಅವಳನ್ನು ಅದೇ ಶಾಲೆಯ ಸಮಿತಿಗೆ ಆರಿಸಿದರು. ಸಮಿತಿಯಲ್ಲಿ ಏಳು ಜನ. ತಿಂಗಳಿಗೊಂದು ಸಭೆ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ. ಅಲ್ಲೊಂದು ಉದ್ದನೆಯ ಮೇಜು, ಅದರ ಒಂದು ಕಾಲಿನ ಕೆಳಗೆ ಮಡಚಿಟ್ಟ ರಟ್ಟು, ಗೋಡೆಗೆ ಒರಗಿಸಿದ ಕಬ್ಬಿಣದ ಬೀರು. ಅಕ್ಕನ ಮೊಣಕಾಲು ಕೈಕೊಟ್ಟ ಮೇಲೆ ನಾನು ಜೊತೆಗೆ ಹೋಗಿ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ, ಹಾಗಾಗಿ ಆ ಕೋಣೆಯನ್ನು ಬಲ್ಲೆ. ಅಧ್ಯಕ್ಷರು ಬಣ್ಣದ ಅಂಗಡಿಯವರು. ಗುಮಾಸ್ತ ಅಕ್ಕನ ಹಳೆಯ ವಿದ್ಯಾರ್ಥಿ. ಸಭೆಯಲ್ಲಿ ಆಗಿದ್ದನ್ನೆಲ್ಲ ನಡಾವಳಿ ಪುಸ್ತಕ ಅನ್ನುವ ದಪ್ಪ ಪುಸ್ತಕದಲ್ಲಿ ಅವನು ಬರೆಯಬೇಕು, ಕೆಳಗೆ ಏಳೂ ಜನ ಸಹಿ ಹಾಕಬೇಕು. ಅಲ್ಲಿ ಬರೆದದ್ದೇ ಶಾಲೆಯ ಮಾತು.

ಒಂದು ವರ್ಷ ಅಕ್ಕನ ಗಂಡ, ನಮ್ಮ ಭಾವನವರು, ಲಕ್ವ ಹೊಡೆದು ಹಾಸಿಗೆ ಹಿಡಿದರು. ಸಭೆ ಮುಗಿದರೂ ಗುಮಾಸ್ತ ಅದನ್ನು ಅಂದವಾಗಿ ಬರೆದು ಮುಗಿಸುವ ತನಕ ಇನ್ನೊಂದು ಗಂಟೆ ಕಾಯಬೇಕು. ಅಕ್ಕ ಗಡಿಯಾರ ನೋಡುತ್ತ ಚಡಪಡಿಸುವಳು. ಒಂದು ದಿನ ಅವನೇ ಅಂದ: "ಟೀಚರ್, ನೀವು ಕೆಳಗಡೆ ಸಹಿ ಹಾಕಿ ಹೊರಡಿ. ಮೇಲೆ ನಾನು ಬರ್ಕೋತೀನಿ. ನಿಮ್ಮ ಕೈಯಲ್ಲಿ ಕಲಿತವನು ನಾನು, ಒಂದಕ್ಷರ ಆಚೀಚೆ ಆಗಲ್ಲ."

ಅಕ್ಕ ಇನ್ನೊಂದು ಸಲ ಗಡಿಯಾರ ನೋಡಿ ಪೆನ್ನು ತೆಗೆದಳು. ಆಮೇಲೆ ಹಾಕಿದಳು.

ಮುಂದಿನ ತಿಂಗಳು ಬಣ್ಣದ ಅಂಗಡಿಯವರು, "ಮೇಡಂಗೆ ಒಂದು ನ್ಯಾಯ, ನಮಗೊಂದು ನ್ಯಾಯನಾ? ನಮಗೂ ಅಂಗಡಿ ಇದೆ" ಅಂದು ಅವರೂ ಹಾಕಿದರು. ವರ್ಷ ತುಂಬುವ ಹೊತ್ತಿಗೆ ಅದೇ ಪದ್ಧತಿಯಾಯಿತು. ಬಂದ ತಕ್ಷಣ ಚಹಾ, ಚಹಾ ಆದ ಮೇಲೆ ಖಾಲಿ ಹಾಳೆಯ ಬುಡದಲ್ಲಿ ಏಳು ಸಹಿ, ಆಮೇಲೆ ಮಾತು. ಗುಮಾಸ್ತನ ಕಷ್ಟ ನೋಡಬೇಕಿತ್ತು. ಮಾತು ಕಡಿಮೆಯಾದ ತಿಂಗಳು ಹಾಳೆ ತುಂಬಿಸಲು ಕುಂಬಳಕಾಯಿಯಂಥ ಅಕ್ಷರ ಬರೆಯುವನು, ಜಗಳವಾದ ತಿಂಗಳು ಇರುವೆ ಸಾಲಿನಂತೆ ಬರೆಯುವನು. ಅಕ್ಕ ಮನೆಗೆ ಬಂದು ಅದನ್ನು ಹೇಳಿಕೊಂಡು ನಗುತ್ತಿದ್ದಳು. ಭಾವ ಎರಡು ವರ್ಷಕ್ಕೆ ತೀರಿಕೊಂಡರು. ಅವರಿಗೋಸ್ಕರ ಶುರುವಾದದ್ದು ಮಾತ್ರ ಉಳಿದುಕೊಂಡಿತು, ಒಟ್ಟು ಎಂಟು ವರ್ಷ.

ಆ ಶಾಲೆಯಲ್ಲಿ ಹಾಡಿನ ಟೀಚರ್ ಅಂತ ಒಬ್ಬಳಿದ್ದಳು. ಅವಳೂ ಅಕ್ಕನ ಹತ್ತಿರ ಕಲಿತವಳೇ. ಹಾಡು ಕಲಿಸುವುದು ಹೆಸರಿಗೆ, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವವಳೂ ಅವಳೇ, ಮೂಗು ಒರೆಸುವವಳೂ ಅವಳೇ. ಕೆಲಸ ತಾತ್ಕಾಲಿಕ. ವರ್ಷವರ್ಷವೂ ಸಮಿತಿ ಮುಂದುವರಿಸಬೇಕು. ಹಾಗೆ ಹನ್ನೆರಡು ವರ್ಷ ಕಳೆದಿದ್ದವು. ಅವಳಿಗೆ ಗಂಡನಿಲ್ಲ. ಇಬ್ಬರು ಹೆಣ್ಣುಮಕ್ಕಳು, ಕಣ್ಣು ಕಾಣದ ಅತ್ತೆ, ಎಲ್ಲ ಅವಳೊಬ್ಬಳ ದುಡಿಮೆಯ ಮೇಲೆ. ಪ್ರತಿ ವರ್ಷ ರಜೆ ಬರುವ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬರುವಳು. ಅಕ್ಕ ಪ್ರತಿ ಸಲವೂ ಒಂದೇ ಮಾತು ಹೇಳುವಳು: "ನಿನ್ನನ್ನ ತೆಗೀಬೇಕು ಅಂದ್ರೆ ಏಳು ಸಹಿ ಬೇಕು ಕಣಮ್ಮ. ನಾನು ಆ ಕುರ್ಚಿಯಲ್ಲಿರೋ ತನಕ ಆರಕ್ಕಿಂತ ಜಾಸ್ತಿ ಬೀಳಲ್ಲ. ಹೋಗಿ ನಿದ್ದೆ ಮಾಡು."

ಆ ತಿಂಗಳ ಸಭೆಗೆ ನಾನು ಜೊತೆಗೆ ಹೋಗಲಿಲ್ಲ. ಔಷಧಿ ಅಂಗಡಿಗೆ ಹೋಗಬೇಕಿತ್ತು. ಬೀಗದ ಕೈಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡೆ. ಎಳೆದರೆ ತಾನಾಗಿ ಬೀಗ ಬೀಳುವ ಬಾಗಿಲು ನಮ್ಮದು. ಪಕ್ಕದ ಮನೆಯವರ ಫೋನಿನಿಂದ ಅಕ್ಕನಿಗೆ ಹೇಳಿದೆ. ಅವಳು ಆಗ ತಾನೇ ಚಹಾ ಕುಡಿದು ಸಹಿ ಹಾಕಿದ್ದಳಂತೆ. ಎದ್ದು ಬಂದಳು. "ನಿನ್ನ ತಲೆಯನ್ನೂ ಒಳಗೇ ಬಿಟ್ಟು ಬಂದಿದ್ಯಾ ಹೇಗೆ?" ಎಂದು ಬೈಯುತ್ತಲೇ ತನ್ನ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದಳು. ಆಮೇಲೆ ಇಬ್ಬರೂ ನಕ್ಕೆವು.

ನಾಲ್ಕನೇ ದಿನ ಹಾಡಿನ ಟೀಚರ್ ಬಂದಳು. ಚಪ್ಪಲಿಯನ್ನೂ ಬಿಡದೆ ನಡುಮನೆಯ ತನಕ ಬಂದು ಒಂದು ಕಾಗದ ಚಾಚಿದಳು. ನಡಾವಳಿ ಪುಸ್ತಕದ ಹಾಳೆಯ ನಕಲು.

"ಟೀಚರ್, ಇದು ನಿಮ್ಮ ಸಹಿನಾ?"

ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಇನ್ನೊಂದು ಸಲ ಓದಿದಳು. ಹಾಡಿನ ತರಗತಿಯ ಕೋಣೆಯಲ್ಲಿ ಕಂಪ್ಯೂಟರ್ ಇಡುವುದು, ಆ ಹುದ್ದೆಯನ್ನು ಮುಂದುವರಿಸದೆ ಇರುವುದು, ಎಲ್ಲರ ಒಪ್ಪಿಗೆ ಇದೆ ಎಂದು ಕೊನೆಯ ನಾಲ್ಕು ಸಾಲು ಇರುವೆ ಸಾಲಿನಂತೆ ತುರುಕಿತ್ತು. ಅದರ ಕೆಳಗೆ ಅಕ್ಕನ ದುಂಡು ಸಹಿ.

"ನನ್ನದೇ."

"ಒಪ್ಪಿದ್ರಾ ನೀವು?"

"ಆ ಮಾತು ಬಂದಾಗ ನಾನು ಅಲ್ಲಿರ್ಲಿಲ್ಲಮ್ಮ."

"ಸಹಿ ಇದೆಯಲ್ಲ ಟೀಚರ್."

ಅಕ್ಕ ಸೀರೆ ಬದಲಾಯಿಸಿ ನನ್ನ ಕೈ ಹಿಡಿದು ಹೊರಟಳು. ಮೊದಲು ಶಾಲೆಗೆ. ಗುಮಾಸ್ತ ಎದ್ದು ನಿಂತವನು ಕೂರಲೇ ಇಲ್ಲ, ಹೊಡೆತ ತಿನ್ನಲು ನಿಂತ ಹುಡುಗನ ಹಾಗೆ. "ಅಧ್ಯಕ್ಷರು ಹೇಳಿದ್ರು, ಉಳಿದವರು ಹೂಂ ಅಂದ್ರು ಟೀಚರ್. ನಿಮಗೊಂದು ಫೋನ್ ಮಾಡ್ತೀನಿ ಅಂದೆ. ಮೇಡಂ ಸಹಿ ಆಗಿದೆಯಲ್ಲ, ಅವರಿಗ್ಯಾಕೆ ತೊಂದರೆ ಕೊಡ್ತೀಯ ಅಂದ್ರು."

"ನಿನ್ನ ಅಕ್ಷರ ಚೆನ್ನಾಗಿದೆ" ಅಂದಳು ಅಕ್ಕ. ಅವನು ತಲೆ ತಗ್ಗಿಸಿದ.

ಅಲ್ಲಿಂದ ಬಣ್ಣದ ಅಂಗಡಿಗೆ. ಡಬ್ಬಿ ಕುಲುಕುವ ಯಂತ್ರ ಗಡಗಡ ಅನ್ನುತ್ತಿತ್ತು. ಅಧ್ಯಕ್ಷರು ಅದನ್ನು ನಿಲ್ಲಿಸಿ, ನಮಗೆ ಸ್ಟೂಲು ಹಾಕಿಸಿ, ಮರ್ಯಾದೆಯಿಂದಲೇ ಮಾತಾಡಿದರು. ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಬೇಕಾದ್ದನ್ನು ಮಾಡಿಕೊಳ್ಳಲು ಬಲ್ಲವರು, ಅಷ್ಟೇ.

"ಖಾಲಿ ಹಾಳೆ ಅಂತ ಬರೆದುಕೊಡಿ ಮೇಡಂ, ನಾನು ಬೇಡ ಅನ್ನಲ್ಲ. ಆದ್ರೆ ಎಂಟು ವರ್ಷದಿಂದ ನಾವು ಹಾಕಿರೋದೆಲ್ಲ ಖಾಲಿ ಹಾಳೆ ಮೇಲೇನೇ. ಒಂದು ಬಿದ್ರೆ ಎಲ್ಲಾ ಬೀಳುತ್ತೆ. ಆ ಹಾಡಿನ ಮೇಡಂನ ಎಂಟು ಸಲ ಮುಂದುವರಿಸಿದ್ದೂ ಅಂಥ ಹಾಳೆ ಮೇಲೇ ಅಲ್ವಾ? ಆ ಸರ್ವೀಸೂ ಹೋಗುತ್ತೆ. ಈಗಾದ್ರೆ ಹನ್ನೆರಡು ವರ್ಷದ ಅನುಭವ ಅಂತ ತೋರಿಸಿ ಬೇರೆ ಕಡೆ ಸೇರ್ಕೋಬಹುದು. ಮನೆಗೆ ಹೋಗಿ ಯೋಚನೆ ಮಾಡಿ."

ಮುಂದಿನ ಸಭೆಗೆ ಇಪ್ಪತ್ತೆರಡು ದಿನ ಇತ್ತು. ಅಷ್ಟೂ ದಿನ ಅಕ್ಕ ಯೋಚನೆ ಮಾಡಿದಳು. ತಟ್ಟೆಯ ಮುಂದೆ ಕೂತು ಕೈ ಹಾಕದೆ ಏಳುವಳು. ಹಾಡಿನ ಟೀಚರ್ ಒಂದು ಸಲ ಬಂದು, ಏನು ಮಾಡ್ತೀರಿ ಅಂತ ಕೇಳಿದಳು. "ನಾನು ನಿಜ ಹೇಳಿಬಿಡ್ತೀನಿ" ಅಂದಳು ಅಕ್ಕ. "ಹೇಳಿ ಟೀಚರ್. ಇದ್ದ ಕೆಲಸ ಉಳಿದ್ರೆ ಸಾಕು ನನಗೆ" ಅಂದಳು ಅವಳು. ಅಧ್ಯಕ್ಷರು ಹೇಳಿದ ಇನ್ನರ್ಧ ಮಾತನ್ನು ಅಕ್ಕ ಅವಳಿಗೆ ಹೇಳಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನಾನೂ ಹೇಳಲಿಲ್ಲ.

ಅವಳು ಹೋದ ಮೇಲೆ ಅಂದೆ, "ಸುಮ್ಮನಿದ್ದುಬಿಡು ಅಕ್ಕ. ಬೇರೆ ಶಾಲೆಯಲ್ಲಾದ್ರೂ ಕೆಲಸ ಸಿಗುತ್ತೆ ಅವಳಿಗೆ."

"ಖಾಲಿ ಉತ್ತರಪತ್ರಿಕೆ ಮೇಲೆ ಹೆಸರು ಮಾತ್ರ ಬರೆದು ಕೊಟ್ಟವರಿಗೆ ನಾನು ಏನು ಕೊಡ್ತಿದ್ದೆ ಗೊತ್ತಾ?"

"ಸೊನ್ನೆ."

"ಹೂಂ. ನನಗೂ ಅಷ್ಟೇ ಬೀಳಬೇಕು."

"ನಿನಗೆ ಬಿದ್ರೆ ಬೀಳಲಿ. ಅವಳಿಗ್ಯಾಕೆ?" ಅಂದೆ. ಅವತ್ತು ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಬೀಗದ ಕೈ ಮರೆತವಳು ನಾನು, ಯಾವ ಬಾಯಿಂದ ಹೇಳಲಿ?

ಸಭೆಯ ದಿನ ಬೆಂಚಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಚಹಾ ಬಂತು. ಚಹಾ ಆದ ಮೇಲೆ ಗುಮಾಸ್ತ ಅಭ್ಯಾಸದ ಮೇಲೆ ಹೊಸ ಖಾಲಿ ಹಾಳೆ ತೆರೆದಿಟ್ಟ. ಇಷ್ಟೆಲ್ಲ ಆದ ಮೇಲೂ ಆರು ಜನ ಒಬ್ಬರ ಹಿಂದೊಬ್ಬರು ಬುಡದಲ್ಲಿ ಸಹಿ ಹಾಕಿ ಪುಸ್ತಕ ದಾಟಿಸಿದರು. ಅಕ್ಕನ ಕೈಗೆ ಬಂದಾಗ ಅವಳು ಒಂದು ಹಾಳೆ ಹಿಂದಕ್ಕೆ ತಿರುವಿದಳು. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು, ಹಳೆಯ ಬರಹದ ಮೇಲೆ ಓರೆಯಾಗಿ ಬರೆದಳು: "ನಾನು ಸಹಿ ಹಾಕಿದಾಗ ಈ ಹಾಳೆಯಲ್ಲಿ ಏನೂ ಇರಲಿಲ್ಲ. ಇದಕ್ಕೆ ಮುಂಚಿನ ಎಂಟು ವರ್ಷಗಳ ಹಾಳೆಗಳಲ್ಲೂ ಇರಲಿಲ್ಲ." ಕೆಳಗೆ ತಾರೀಖು.

ಅಧ್ಯಕ್ಷರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಓದಿದರು.

"ಮೇಡಂ, ಇದು ಸಮಿತಿಯ ಪುಸ್ತಕ. ಮಕ್ಕಳ ನೋಟ್‌ಬುಕ್ ಅಲ್ಲ" ಅಂದರು ಅಧ್ಯಕ್ಷರು.

"ಮಕ್ಕಳ ನೋಟ್‌ಬುಕ್ ಆಗಿದ್ರೆ ನಾನು ಓದದೆ ಸಹಿ ಹಾಕ್ತಿರಲಿಲ್ಲ" ಅಂದು ಅಕ್ಕ ಎದ್ದಳು. ಮೊಣಕಾಲು ನೆಟ್ಟಗಾಗದೆ ಮೇಜು ಹಿಡಿದುಕೊಂಡಳು. ರಟ್ಟು ಜಾರಿ ಮೇಜು ಅಲುಗಾಡಿ, ಯಾರದೋ ಉಳಿದ ಚಹಾ ಚೆಲ್ಲಿತು. ಕೈ ಕೊಡಲು ಯಾರೂ ಏಳಲಿಲ್ಲ. ನಾನೇ ಒಳಗೆ ಹೋಗಿ ಕರೆದುಕೊಂಡು ಬಂದೆ.

ಮುಂದೆ ಆಗಿದ್ದೆಲ್ಲ ಬಣ್ಣದ ಅಂಗಡಿಯವರು ಹೇಳಿದ ಹಾಗೇ ಆಯಿತು. ಮೇಲಿನ ಕಚೇರಿಯಿಂದ ಇಬ್ಬರು ಬಂದು ಪುಸ್ತಕ ತೆಗೆದುಕೊಂಡು ಹೋದರು. ಸಮಿತಿ ರದ್ದಾಯಿತು. ಗುಮಾಸ್ತನನ್ನು ದೂರದ ಊರಿಗೆ ಹಾಕಿದರು. ಹಾಡಿನ ಟೀಚರನ್ನು ತೆಗೆದದ್ದು ಸಿಂಧುವಲ್ಲ ಅಂದರು. ಹಾಗೆಯೇ, ಎಂಟು ವರ್ಷ ಮುಂದುವರಿಸಿದ್ದೂ ಸಿಂಧುವಲ್ಲ, ಆ ಅವಧಿಯನ್ನು ಸೇವೆ ಎಂದು ಹಿಡಿಯಲಾಗದು ಅಂದರು. ಕೆಲಸವೂ ಉಳಿಯಲಿಲ್ಲ, ಅವಳ ಕೈಗೆ ಬಂದದ್ದು ಮೊದಲ ನಾಲ್ಕು ವರ್ಷದ ಅನುಭವದ ಪತ್ರ. ಅಷ್ಟಕ್ಕೆ ಯಾವ ಶಾಲೆಯೂ ಬಾಗಿಲು ತೆರೆಯಲಿಲ್ಲ.

ಕೊನೆಯ ಸಲ ನಮ್ಮ ಮನೆಗೆ ಬಂದಾಗ ಅವಳು ಹೊಸ್ತಿಲಾಚೆಯೇ ನಿಂತಿದ್ದಳು. ಅಳುತ್ತಿರಲಿಲ್ಲ.

"ಹೀಗಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಟೀಚರ್?"

"ಗೊತ್ತಿತ್ತು."

"ಕೆಲಸ ಹೋಗಿದ್ದು ಅವರಿಂದ. ನನ್ನ ಎಂಟು ವರ್ಷ ಹೋಗಿದ್ದು ನಿಮ್ಮಿಂದ" ಅಂದು ಮೆಟ್ಟಿಲಿಳಿದು ಹೋದಳು. ಅವತ್ತಿನಿಂದ ಅಕ್ಕ ಕೆಂಪು ಪೆನ್ನು ಮುಟ್ಟಿದ್ದನ್ನು ನಾನು ಕಾಣೆ. ದಿನಪತ್ರಿಕೆಯಲ್ಲಿ ತಪ್ಪು ಕಂಡರೂ ಬೆರಳಿಟ್ಟು ತೋರಿಸಿ ಸುಮ್ಮನಾಗುವಳು.

ಎರಡು ವರ್ಷ ಕಳೆದ ಮೇಲೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಸ್ಪತ್ರೆಗೆ ಸೇರಿಸುವ ದಿನ ಚೀಟಿ ತೆಗೆದುಕೊಂಡು ಬೆಂಚಿನಲ್ಲಿ ಕೂತಿದ್ದೆವು. ಕೌಂಟರಿನಿಂದ ನಂಬರು ಕೂಗುವ ದನಿ ಕೇಳಿ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ನನಗೂ ಗೊತ್ತಾಯಿತು. ಆ ದನಿ ಎಂಥದ್ದು ಅಂದರೆ, "ಮೂವತ್ತೆಂಟು" ಅಂತ ಬರಿಯ ನಂಬರು ಕೂಗಿದರೂ ಕೊನೆಯಲ್ಲಿ ಸಣ್ಣಗೆ ರಾಗದ ಎಳೆ ಉಳಿಯುತ್ತಿತ್ತು.

"ಎದ್ದು ಹೋಗೋಣ್ವಾ?" ಅಂದೆ.

"ಬೇಡ" ಅಂದಳು.

ನಾವು ನೋಡುತ್ತಲೇ ಇದ್ದೆವು. ಸಾಲು ಉದ್ದವಿತ್ತು. ಕೌಂಟರಿನ ಗಾಜಿನ ಹಿಂದೆ ಕೂತ ಹಾಡಿನ ಟೀಚರ್ ಬಂದವರಿಗೆಲ್ಲ ಫಾರಮ್ಮು ಮುಂದಿಟ್ಟು, "ಇಲ್ಲಿ ಸಹಿ ಹಾಕಿ, ನಾನು ಆಮೇಲೆ ತುಂಬ್ಕೋತೀನಿ" ಅನ್ನುತ್ತಿದ್ದಳು. ಜನ ಹಾಕಿ ಹೋಗುತ್ತಿದ್ದರು.

ನಮ್ಮ ನಂಬರು ನಲವತ್ತೇಳನ್ನು ಕೂಗಿದಾಗ ಅಕ್ಕ ಎದ್ದು ಹೋಗಿ ಗಾಜಿನ ಮುಂದೆ ನಿಂತಳು, ಹಿಂದೆ ನಾನು. ಹಾಡಿನ ಟೀಚರ್ ಮುಖ ಎತ್ತಿ ನೋಡಿದಳು. ಕೂದಲು ನರೆತಿತ್ತು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಫಾರಮ್ಮನ್ನು ತನ್ನ ಕಡೆಗೆ ತಿರುಗಿಸಿಕೊಂಡು ಹೆಸರು ಬರೆದಳು. ಕಾಯಿಲೆಯನ್ನು ಡಾಕ್ಟರ ಚೀಟಿ ನೋಡಿ ಬರೆದಳು. ವಯಸ್ಸು, ವಿಳಾಸ, ಹತ್ತಿರದ ಸಂಬಂಧಿ ಅನ್ನುವಲ್ಲಿ ನನ್ನ ಹೆಸರು, ಎಲ್ಲ ಅವಳಿಗೆ ಗೊತ್ತಿದ್ದದ್ದೇ, ಏನನ್ನೂ ಕೇಳಲಿಲ್ಲ. ಖಾಲಿ ಉಳಿದ ಎರಡು ಸಾಲಿಗೆ ಗೆರೆ ಎಳೆದಳು. ಹಿಂದೆ ನಿಂತವರೊಬ್ಬರು, "ಏನಮ್ಮ, ಒಬ್ಬರಿಗೇ ಇಷ್ಟೊತ್ತಾ?" ಎಂದು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲಿಂದ ಕೊನೆಯ ತನಕ ಗಟ್ಟಿಯಾಗಿ ಓದಿದಳು. ಆಮೇಲೆ ಕಾಗದವನ್ನು ಗಾಜಿನ ಕೆಳಗಿನಿಂದ ತಳ್ಳಿ, ಮೇಲೆ ಪೆನ್ನು ಇಟ್ಟಳು.

"ಸರಿ ಇದೆಯಾ ಟೀಚರ್?"

"ಸರಿ ಇದೆ."

ಅಕ್ಕ ಸಹಿ ಹಾಕಿದಳು. ಅದೇ ಅವಳು ಹಾಕಿದ ಕೊನೆಯ ಸಹಿ, ಅಷ್ಟೇನೂ ದುಂಡಗಿರಲಿಲ್ಲ. ಹಾಡಿನ ಟೀಚರ್ ಕಾಗದ ಎಳೆದುಕೊಂಡು ಮೊಳೆಗೆ ಸಿಕ್ಕಿಸಿದಳು. ನಾವು ಇನ್ನೂ ಅಲ್ಲೇ ನಿಂತಿದ್ದೆವು. ಅವಳು ನಮ್ಮ ತಲೆಯ ಮೇಲಿನಿಂದ ಸಾಲಿನ ಕಡೆ ನೋಡಿ, "ನಲವತ್ತೆಂಟು" ಅಂದಳು.